ಹದಿನೇಳನೇ ಬೋರಿನ ಮರದ ತುಂಡು

ಮಾದನಾಯಕನಹಳ್ಳಿಯಲ್ಲಿ ಆಗ ಪಿಳ್ಳಮ್ಮ ಎಂಬ ಹೆಸರಿನವರು ನಾಲ್ವರಿದ್ದರು. ಬಸ್ಸಿಳಿದವರು ಯಾರಾದರೂ ಪಿಳ್ಳಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಕಟ್ಟೆಯ ಮೇಲೆ ಕೂತವರು, "ಯಾವ ಪಿಳ್ಳಮ್ಮ? ಕಲ್ಲು ತೊಳ್ಯೋ ಪಿಳ್ಳಮ್ಮನಾ?" ಎಂದು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಊರಿನ ಉಳಿದ ಹೆಂಗಸರು ಪಾತ್ರೆ ತೊಳೆಯುತ್ತಾರೆ, ಬಟ್ಟೆ ತೊಳೆಯುತ್ತಾರೆ, ಹೆಚ್ಚೆಂದರೆ ಎಮ್ಮೆ ತೊಳೆಯುತ್ತಾರೆ. ಕಲ್ಲು ತೊಳೆದು ಸಂಬಳ ತರುವವಳು ಇವಳೊಬ್ಬಳೇ. ನಗುವುದಕ್ಕೆ ಅಷ್ಟು ಸಾಕಿತ್ತು. ಹಾಗೆ ನಕ್ಕವರಲ್ಲಿ ಒಬ್ಬರಾದರೂ ಅವಳು ಕೆಲಸ ಮಾಡುವ ಷೆಡ್ಡಿನೊಳಗೆ ಕಾಲಿಟ್ಟು, ಅವಳು ತೊಳೆಯುವುದು ಎಂಥ ಕಲ್ಲು ಎಂದು ನೋಡಿದವರಲ್ಲ.

ಷೆಡ್ಡು ಇದ್ದದ್ದು ತುಮಕೂರು ರಸ್ತೆಯ ಪಕ್ಕದಲ್ಲಿ, ಪಿಳ್ಳಮ್ಮನ ಗಂಡನ ಮನೆಯವರ ರಾಗಿ ಹೊಲವಿದ್ದ ಜಾಗದಲ್ಲೇ. ಚಿತ್ರದುರ್ಗದ ಆಚೆಯ ಗುಡ್ಡವೊಂದರಲ್ಲಿ ನೆಲದಡಿ ಗಣಿ ನಡೆಸುತ್ತಿದ್ದ ಕಂಪನಿಯೊಂದಕ್ಕೆ, ಗಣಿಯ ಕಲ್ಲುಗಳನ್ನು ಇಟ್ಟುಕೊಂಡು ಪರೀಕ್ಷೆ ಮಾಡಲು ಬೆಂಗಳೂರಿನ ಹತ್ತಿರ ಜಾಗ ಬೇಕಾಗಿತ್ತು. ಪೀಣ್ಯದಲ್ಲಿ ಕಾರ್ಖಾನೆಗಳು ಏಳತೊಡಗಿ ಅಲ್ಲಿ ಜಾಗ ಕೈಗೆಟುಕದೆ, ಕಂಪನಿಯವರು ಇನ್ನಷ್ಟು ಮುಂದೆ ಬಂದು ಎಪ್ಪತ್ತೊಂದನೇ ಇಸವಿಯಲ್ಲಿ ಪಿಳ್ಳಮ್ಮನ ಭಾವ ಬೈರಪ್ಪನ ಹತ್ತಿರ ಹೊಲ ಕೊಂಡರು. ಬೈರಪ್ಪ ಆ ದುಡ್ಡಿನಲ್ಲಿ ರಸ್ತೆ ಬದಿಗೆ ಸಾಲಾಗಿ ಮನೆ ಕಟ್ಟಿ ಬಾಡಿಗೆಗೆ ಬಿಟ್ಟ. ಅವನ ತಮ್ಮ, ಪಿಳ್ಳಮ್ಮನ ಗಂಡ ಚಿಕ್ಕಬೈರಪ್ಪನಿಗೆ ಸಿಕ್ಕಿದ್ದು ಕಂಪನಿಯಲ್ಲೊಂದು ಕೆಲಸ. ಕಲ್ಲು ಪುಡಿ ಮಾಡುವ ಯಂತ್ರದ ಮುಂದೆ ನಿಂತು, ಪುಡಿಯನ್ನು ಚೀಲಕ್ಕೆ ತುಂಬಿ, ಲ್ಯಾಬಿಗೆ ಕೊಡುವುದು. ನಾಲ್ಕು ವರ್ಷ ಆ ದೂಳು ಕುಡಿದು, ಆಮೇಲೆ ಆರು ತಿಂಗಳು ಕೆಮ್ಮಿ, ಎಪ್ಪತ್ತಾರರ ಯುಗಾದಿಯ ಮರುವಾರ ತೀರಿಕೊಂಡ. ಮಕ್ಕಳಿರಲಿಲ್ಲ. ಭಾವ ಹಿತ್ತಿಲ ಕಡೆಯ ಒಂಟಿ ಕೋಣೆಯೊಂದನ್ನು ಅವಳಿಗೆ ಬಿಟ್ಟುಕೊಟ್ಟು, ತನ್ನ ಧರ್ಮ ಮುಗಿಯಿತು ಎಂದುಕೊಂಡ. ಕಂಪನಿಯವರು ಗಂಡನ ಬದಲಿಗೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡು ತಮ್ಮದೂ ಮುಗಿಯಿತು ಎಂದುಕೊಂಡರು. ಹೊಲವಿದ್ದಾಗ ಅವಳು ಕಳೆ ಕೀಳುತ್ತಿದ್ದ ಜಾಗದಲ್ಲೇ ಇನ್ನು ಮುಂದೆ ಕಲ್ಲು ತೊಳೆಯಬೇಕಾಯಿತು.

ಗಣಿ ಅಗೆಯುವ ಮುಂಚೆ ನೆಲದೊಳಗೆ ಎಲ್ಲಿ ಏನಿದೆ ಎಂದು ತಿಳಿಯಬೇಕಲ್ಲ. ಅದಕ್ಕೆ ತುದಿಯಲ್ಲಿ ವಜ್ರದ ಹರಳು ಕೂರಿಸಿದ ಟೊಳ್ಳು ಕೊಳವೆಯನ್ನು ತಿರುಗಿಸುತ್ತಾ ನೂರಾರು ಅಡಿ ಬೋರು ಕೊರೆಯುತ್ತಾರೆ. ಕೊಳವೆಯೊಳಗೆ ಕಲ್ಲು ಒನಕೆಯ ಹಾಗೆ ದುಂಡಗೆ ಉಳಿದು ತುಂಡುತುಂಡಾಗಿ ಮೇಲೆ ಬರುತ್ತದೆ. ಬಂದ ಕ್ರಮದಲ್ಲೇ ಅದನ್ನು ಉದ್ದನೆಯ ಮರದ ಪೆಟ್ಟಿಗೆಗಳ ಸಾಲುಗಳಲ್ಲಿ ಜೋಡಿಸಿ, ಇಷ್ಟನೇ ಅಡಿ ಎಂದು ಗುರುತು ಇಟ್ಟು, ಲಾರಿಯಲ್ಲಿ ಇಲ್ಲಿಗೆ ಕಳಿಸುತ್ತಾರೆ. ಮೊದಲ ಪೆಟ್ಟಿಗೆಯಲ್ಲಿ ಗುಡ್ಡದ ನೆತ್ತಿಯ ಮಣ್ಣು, ಕೊನೆಯದರಲ್ಲಿ ಪಾತಾಳ. ಪಿಳ್ಳಮ್ಮ ಒಂದೊಂದೇ ತುಂಡನ್ನು ಎತ್ತಿ, ತೊಳೆದು, ತೆಗೆದ ಜಾಗದಲ್ಲೇ ತೆಗೆದ ಹಾಗೆಯೇ ಇಡಬೇಕು. ತಲೆಕೆಳಗಾಗಬಾರದು, ಹಿಂದುಮುಂದಾಗಬಾರದು. ಷೆಡ್ಡಿನ ಭೂವಿಜ್ಞಾನಿ ಶ್ಯಾಮಣ್ಣನವರು ಆಮೇಲೆ ಭೂತಗನ್ನಡಿ ಹಿಡಿದು ಕೂತು ಒಂದೊಂದು ಅಡಿಯ ಜಾತಕವನ್ನೂ ಬರೆಯುತ್ತಿದ್ದರು.

ಆ ಗುಡ್ಡದ ಹೊಟ್ಟೆಯಲ್ಲಿ ತಾಮ್ರ, ಸೀಸ, ಸತು ಮೂರೂ ಒಂದೇ ಬಂಡೆಯಲ್ಲಿ ಬೆರೆತಿದ್ದವು. ಶ್ಯಾಮಣ್ಣನವರು ಅವಕ್ಕೆ ನಾಲಗೆ ತಿರುಗದ ಹೆಸರು ಹೇಳುತ್ತಿದ್ದರು. ಪಿಳ್ಳಮ್ಮ ತನಗೆ ಬೇಕಾದ ಹೆಸರು ಇಟ್ಟುಕೊಂಡಳು. ಹಳದಿಯಾಗಿ ಮಿಂಚುವ ತಾಮ್ರದ ಕಲ್ಲು ಅರಿಶಿನ. ಮುರಿದರೆ ಚೌಕಚೌಕವಾಗಿ ಬಿರಿದು ಫಳಫಳ ಹೊಳೆಯುವ, ಕೈಗೆ ಭಾರವಾದ ಸೀಸದ ಕಲ್ಲು ಕನ್ನಡಿ. ಕಂದು ಬಣ್ಣದ ಸತುವಿನ ಕಲ್ಲು ಬೆಲ್ಲ. ಒದ್ದೆಯಾದಾಗ ಕಲ್ಲಿನ ಬಣ್ಣ ಏಳುತ್ತದೆ. ಹಾಗಾಗಿ ಕಲ್ಲಿನ ನಿಜವಾದ ಮುಖವನ್ನು ಮೊದಲು ನೋಡುತ್ತಿದ್ದವಳು ಅವಳೇ. ವರ್ಷಗಳು ಕಳೆದ ಹಾಗೆ, ಹಸಿರು ಬಂಡೆಯಲ್ಲಿ ಬಿಳಿ ಗೆರೆಗಳು ಹೆಚ್ಚುತ್ತಾ ಬಂದರೆ ಇನ್ನು ಒಂದು ಮೊಳದೊಳಗೆ ಅರಿಶಿನ ಬರುತ್ತದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಹೇಳಿಕೊಳ್ಳಲು ಯಾರಿದ್ದರು? ಮನೆಯಲ್ಲಿ ಒಲೆ, ಚಾಪೆ, ಗಂಡನ ಒಂದು ಅಂಗಿ. ಷೆಡ್ಡಿನಲ್ಲಾದರೆ ಸಾವಿರ ಪೆಟ್ಟಿಗೆ, ಸಾವಿರ ಮುಖ. ಬೆಳಿಗ್ಗೆ ಬೀಗ ತೆಗೆದಾಗ ಒದ್ದೆ ಕಲ್ಲಿನ ವಾಸನೆ ಬಂದರೆ ಅವಳ ಎದೆ ಹಗುರವಾಗುತ್ತಿತ್ತು. ಲೋಕದಲ್ಲಿ ಅವಳಿಗೆಂದು ಇದ್ದ ಜಾಗ ಅದೊಂದೇ.

ಗಣಿಯನ್ನು ಮಾತ್ರ ಅವಳು ನೋಡಿರಲಿಲ್ಲ. ನೋಡುವಂತೆಯೂ ಇರಲಿಲ್ಲ, ಹೆಂಗಸರನ್ನು ನೆಲದಡಿ ಕೆಲಸಕ್ಕೆ ಇಳಿಸಬಾರದೆಂದು ಕಾನೂನಿತ್ತು. ಒಳಗಿನ ಸುದ್ದಿ ತರುತ್ತಿದ್ದವನು ಗುರುವಾರದ ಲಾರಿಯ ಡ್ರೈವರ್ ಮುನಿಯಣ್ಣ. ಪೆಟ್ಟಿಗೆ ಇಳಿಸುವಷ್ಟು ಹೊತ್ತು ಟೀ ಕುಡಿಯುತ್ತಾ ಹೇಳುತ್ತಿದ್ದ. ಬಾವಿಯಂಥ ನೇರ ಗುಂಡಿಯಲ್ಲಿ ಕಬ್ಬಿಣದ ಪಂಜರ ಇಳಿಯುತ್ತದೆ, ನೂರು ನೂರು ಅಡಿಗೊಂದು ಲೆವೆಲ್ಲು, ಒಂದೊಂದು ಲೆವೆಲ್ಲಿನಿಂದ ಅಡ್ಡಕ್ಕೆ ಸುರಂಗ. ತಲೆಯ ಮೇಲೆ ದೀಪ ಕಟ್ಟಿಕೊಂಡವರು ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ದೂರ ಹೋಗಿ ಸಿಡಿಸುತ್ತಾರೆ. ಸಲಕ್ಕೆ ನಾಲ್ಕೈದು ಅಡಿ ಮುಂದಕ್ಕೆ. ಗುಡ್ಡದ ಮೇಲೆ ಯಾವುದೋ ಕಾಲದವರು ತಾಮ್ರಕ್ಕೆಂದು ತೋಡಿದ ಗುಂಡಿಗಳೂ ಇದ್ದವಂತೆ. ಅವರು ಸೌದೆ ಉರಿಸಿ ಬಂಡೆ ಕಾಯಿಸಿ, ನೀರೆರಚಿ ಒಡೆಯುತ್ತಿದ್ದರಂತೆ. "ಎಲ್ಲಿಗಂಟ ಇಳಿದವ್ರೋ ಯಾರ್ ಕಂಡವ್ರಕ್ಕ, ಈಗ ಎಲ್ಲಾ ಮುಳ್ಳು ಬೆಳ್ಕಂಡೈತೆ" ಎನ್ನುತ್ತಿದ್ದ. ಇಡೀ ವಾರದಲ್ಲಿ ಅವಳನ್ನು ಮಾತಾಡಿಸುತ್ತಿದ್ದವನು ಅವನೊಬ್ಬನೇ ಎಂದರೆ ಹೆಚ್ಚೇನಲ್ಲ.

ಆ ತಪ್ಪು ನಡೆದದ್ದು ಅವಳು ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ, ಆಷಾಢದ ಒಂದು ಗುರುವಾರ. ದಾಬಸ್‌ಪೇಟೆಯ ಹತ್ತಿರ ಲಾರಿ ಗುಂಡಿಗೆ ಬಿದ್ದು ಒಂದು ಪೆಟ್ಟಿಗೆಯ ಬಾಯಿ ಕಿತ್ತುಹೋಗಿತ್ತು. ಮುನಿಯಣ್ಣ ಮಳೆಯಲ್ಲೇ ಚೆಲ್ಲಿದ ಕಲ್ಲುಗಳನ್ನು ಕೈಗೆ ಬಂದ ಹಾಗೆ ತುಂಬಿಕೊಂಡು ಬಂದಿದ್ದ. ಪಿಳ್ಳಮ್ಮ ಹೆದರಿ, ಮುರಿದ ಬಾಯಿಗೆ ಬಾಯಿ ಹೊಂದಿಸಿ, ಸಂಜೆಯವರೆಗೆ ಕೂತು ಮತ್ತೆ ಜೋಡಿಸಿದಳು. ಕೊನೆಗೆ ಒಂದು ಸಾಲು ಚಿಕ್ಕದಾಯಿತು. ಅಷ್ಟರಲ್ಲಿ ಲಾರಿಯ ಹುಲ್ಲಿನಡಿ ಒಂದು ಮರದ ತುಂಡು ಸಿಕ್ಕಿತು. ಮೂರಡಿ ಉದ್ದ, ದುಂಡಗೆ ಕಡೆದದ್ದು, ಎರಡೂ ತುದಿಗೆ ಕೆಂಪು ಬಣ್ಣ. "ಪೆಟ್ಗೆ ಅಲ್ಲಾಡ್ದಂಗೆ ಕೊಟ್ಟಿರೋ ಒತ್ತು ಇರ್ಬೇಕು. ಒಲೆಗಾಕ್ಕೊ ಪಿಳ್ಳಕ್ಕ" ಎಂದು ಮುನಿಯಣ್ಣ ಅವಳ ಕೈಗೆ ಕೊಟ್ಟ. ಶ್ಯಾಮಣ್ಣನವರು ಬಂದು ನೋಡಿ, ಮೂರಡಿ ಕಲ್ಲು ದಾರಿಯಲ್ಲಿ ಚೆಲ್ಲಿಹೋಗಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ತೆರವಾಗಿದ್ದ ಜಾಗಕ್ಕೆ ಕಲ್ಲುಗಳನ್ನು ಸರಿಸಿ ಮುಚ್ಚಿದ್ದಾಯಿತು. ಹದಿನೇಳನೇ ಬೋರು ಹೀಗೆ ಮುಗಿಯಿತು. ಅದರಲ್ಲಿ ಅರಿಶಿನವೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮರದ ತುಂಡನ್ನು ಪಿಳ್ಳಮ್ಮ ಒಲೆಗೆ ಹಾಕಲಿಲ್ಲ. ಅವಳ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ನಿಲ್ಲುತ್ತಿರಲಿಲ್ಲ, ಭಾವನಿಗೆ ಹೇಳಿ ಹೇಳಿ ಸಾಕಾಗಿತ್ತು. ಬಾಡಿಗೆ ಮನೆಗಳಿಗೆ ಯಾರ್ಯಾರೋ ಬಂದು ಸೇರುತ್ತಿದ್ದ ಕಾಲ. ಒಂಟಿ ಹೆಂಗಸು. ಆ ತುಂಡನ್ನು ಬಾಗಿಲ ಅಡ್ಡಪಟ್ಟಿಗೂ ನೆಲಕ್ಕೂ ಓರೆಯಾಗಿ ಒತ್ತು ಕೊಟ್ಟರೆ ಬಾಗಿಲು ಜಗ್ಗದೆ ನಿಲ್ಲುತ್ತಿತ್ತು. ಗಂಡ ಸತ್ತ ಮೇಲೆ ಅವಳು ಕಣ್ಣು ಮುಚ್ಚಿ ಮಲಗಿದ್ದು ಅಂದಿನಿಂದಲೇ.

ಒಂದೂವರೆ ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನೋಡಿ ನೋಡಿ ಅವಳು ಅಂಕಿ ಓದುವುದನ್ನು ಕಲಿತಳು. ಒಂದು ದಿನ ಕಾಲೇಜಿನಿಂದ ಬಂದಿದ್ದ ಹೊಸಬರಿಗೆ ಶ್ಯಾಮಣ್ಣನವರು ಪೆಟ್ಟಿಗೆಯೊಂದನ್ನು ತೋರಿಸಿ ಪಾಠ ಹೇಳುತ್ತಿದ್ದರು. ಅವರ ಕೈಯಲ್ಲಿ ಕೆಂಪು ತುದಿಯ ಮರದ ತುಂಡಿತ್ತು, ಗೇಣುದ್ದದ್ದು.

"ಇದು ಕಲ್ಲಲ್ಲ. ಆದ್ರೆ ಪೆಟ್ಟಿಗೇಲಿ ಎಲ್ಲಕ್ಕಿಂತ ಮುಖ್ಯವಾದ್ದು ಇದೇ" ಎಂದರು ಅವರು. "ಕಲ್ಲು ಪುಡಿಯಾಗಿ ಸಿಗದೇ ಇದ್ರೆ ಬರೀ ಬಿಳೀ ಮರ ಇಡ್ತಾರೆ. ಕೊಳವೆ ತಾನಾಗೇ ಜಾರಿ ಕೆಳಗೆ ಬಿದ್ರೆ, ಅಂದ್ರೆ ಅಲ್ಲಿ ಬಂಡೆಯೇ ಇಲ್ಲ, ಟೊಳ್ಳು ಅಂದ್ರೆ, ಎಷ್ಟು ಅಡಿ ಟೊಳ್ಳೋ ಅಷ್ಟುದ್ದ ಕೆಂಪು ತುದಿ ಮರ. ಟೊಳ್ಳಿನಲ್ಲಿ ಏನಿರತ್ತೆ? ನೀರಿರತ್ತೆ. ನೂರಾರು ವರ್ಷದ ಮಳೆ ನೀರು. ಗೊತ್ತಿಲ್ದೆ ಅದರ ಪಕ್ಕಕ್ಕೆ ಸುರಂಗ ಹೊಡೆದ್ರೆ ಒಳಗಿದ್ದೋರು ಒಬ್ರೂ ಮೇಲೆ ಬರಲ್ಲ."

ಅಂದು ಸಂಜೆ ದೀಪ ಹಚ್ಚಿ, ಪಿಳ್ಳಮ್ಮ ತನ್ನ ಬಾಗಿಲ ಒತ್ತನ್ನು ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಮಸಿ ಒರೆಸಿದಳು. ಬೋರು ಕೊರೆದವನು ಚಾಕುವಿನಲ್ಲಿ ಗೀರಿದ್ದ ಎರಡು ಅಂಕಿ ಕಂಡವು. ಒಂದು, ಏಳು. ಇಷ್ಟು ದಿನ ಅವು ಅವಳಿಗೆ ಬರೀ ಗೀರುಗಳಾಗಿದ್ದವು.

ಹೇಳಬೇಕಿತ್ತು. ಮಾರನೇ ದಿನವೇ ಹೇಳಬೇಕಿತ್ತು. ಅವಳು ಹೇಳಲಿಲ್ಲ, ಅದಕ್ಕೆ ಬಣ್ಣ ಬಳಿದು ಪ್ರಯೋಜನವಿಲ್ಲ. ಆ ತಿಂಗಳೇ ಅವಳನ್ನು ಕಾಯಂ ಮಾಡುವ ಕಾಗದ ಬರುವುದರಲ್ಲಿತ್ತು. ಪೆಟ್ಟಿಗೆಯ ಮರ ಕದ್ದವಳು ಎಂದು ಹೊರಗೆ ಹಾಕಿದರೆ ಷೆಡ್ಡು ಹೋಗುತ್ತದೆ, ಷೆಡ್ಡು ಹೋದರೆ ಅವಳಿಗೆ ಹಿತ್ತಿಲ ಕೋಣೆಯ ನಾಲ್ಕು ಗೋಡೆ ಬಿಟ್ಟರೆ ಏನೂ ಉಳಿಯುವುದಿಲ್ಲ. ಮುನಿಯಣ್ಣನನ್ನು ಕೇಳಿದಾಗ ತಿಳಿಯಿತು, ಆ ಬೋರು ಗುಡ್ಡದ ಬಡಗಲ ಮೂಲೆಯದು, ಗಣಿ ನಡೆಯುತ್ತಿರುವುದು ತೆಂಕಲಿಗೆ. ಬೋರು ಕೊರೆದ ಕಂಟ್ರಾಕ್ಟರ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದ, ಅವನ ಪುಸ್ತಕಗಳೂ ಅವನ ಹಿಂದೆಯೇ ಹೋಗಿದ್ದವು. ಬಡಗಲಿಗೆ ಯಾರು ಹೋಗುತ್ತಾರೆ, ಅಲ್ಲಿ ಏನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಸಂಜೆಯಾದರೆ ಅದೇ ಮರವನ್ನು ಬಾಗಿಲಿಗೆ ಕೊಡುತ್ತಿದ್ದಳು. ಈಗ ಮೊದಲಿನ ಹಾಗೆ ನಿದ್ದೆ ಬರುತ್ತಿರಲಿಲ್ಲ. ಆದರೂ ಅದನ್ನು ಸುಡುವ ಧೈರ್ಯವೂ ಬರಲಿಲ್ಲ, ಹಾಗೆ ಸುಡದೆ ಉಳಿಸಿದ್ದೊಂದೇ ಅವಳು ಮಾಡಿದ ಒಳ್ಳೆಯ ಕೆಲಸ.

ಎಂಬತ್ತೈದರ ಕಾರ್ತೀಕ ಮಾಸ. ತೆಂಕಲಿನ ಅದಿರು ಸವೆಯುತ್ತಾ ಬಂದು, ಮುಂದೇನು ಎಂದು ಕಂಪನಿಗೆ ಚಿಂತೆ ಹತ್ತಿತ್ತು. ಒಂದು ಸೋಮವಾರ ಶ್ಯಾಮಣ್ಣನವರು ಮೇಜಿನ ಮೇಲೆ ನಕ್ಷೆ ಹರಡಿ, ಮೂಲೆಗಳಿಗೆ ಒಂದೊಂದು ಕಲ್ಲು ಇಡಲು ಪಿಳ್ಳಮ್ಮನನ್ನು ಕರೆದರು. ಹೊಸಬನೊಬ್ಬನಿಗೆ ಪೆನ್ಸಿಲಿನಿಂದ ತೋರಿಸುತ್ತಿದ್ದರು. ಮೂರನೇ ಲೆವೆಲ್ಲಿನಿಂದ ಬಡಗಲಿಗೆ ಸುರಂಗ ಹೊರಟು ಎರಡು ತಿಂಗಳಾಗಿದೆ. ಇಪ್ಪತ್ತಮೂರನೇ ಬೋರಿನಲ್ಲಿ ಸಿಕ್ಕ ಅದಿರಿನ ಕಡೆಗೆ ಹೋಗುತ್ತಿದೆ. ಪೆನ್ಸಿಲು ಹೋದ ದಾರಿಯಲ್ಲಿ, ಇಪ್ಪತ್ತಮೂರಕ್ಕಿಂತ ಮುಂಚೆ, ಒಂದು ಸಣ್ಣ ಸೊನ್ನೆ. ಅದರ ಪಕ್ಕ ಬರೆದಿದ್ದ ಅಂಕಿಯನ್ನು ಪಿಳ್ಳಮ್ಮ ಓದಿದಳು. ಕೈಯಲ್ಲಿದ್ದ ಕಲ್ಲು ನಕ್ಷೆಯ ಮೇಲೆ ದಪ್ಪನೆ ಬಿತ್ತು.

"ಮೆಲ್ಲಗಮ್ಮ, ಹರಿದುಹೋಗತ್ತೆ" ಎಂದರು ಶ್ಯಾಮಣ್ಣನವರು.

ಮೂರು ದಿನ ಅವಳು ಅನ್ನ ನೀರು ಸರಿಯಾಗಿ ಮುಟ್ಟಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ, ತಲೆಗೆ ದೀಪ ಕಟ್ಟಿಕೊಂಡವರು. ಅವರ ಮುಖ ಅವಳು ಕಂಡವಳಲ್ಲ. ಕಂಡಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಗುರುವಾರ ಬೆಳಿಗ್ಗೆ ಮುನಿಯಣ್ಣ ಲಾರಿ ತಂದು ನಿಲ್ಲಿಸಿದಾಗ ಟೀ ಲೋಟ ಕೊಡುತ್ತಾ ಕೇಳಿದಳು.

"ಮುನಿಯಣ್ಣ, ಆವತ್ತು ಪೆಟ್ಗೆ ಚೆಲ್ಲಿತ್ತಲ್ಲ, ಒಂದು ಮರದ ತುಂಡು ಕೊಟ್ಟಿದ್ದೆ, ನೆಪ್ಪೈತಾ?"

"ಯಾವ ಕಾಲದ್ದಕ್ಕ ಅದು?"

ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಮುನಿಯಣ್ಣನ ಮುಖ ಸಪ್ಪಗಾಯಿತು. ಲೋಟ ಕೆಳಗಿಟ್ಟು ಸುತ್ತ ನೋಡಿದ.

"ಸುಮ್ಕಿರಕ್ಕ. ಒಂಬತ್ತು ವರ್ಸ ಆಗೈತೆ. ಲಾರಿ ಬೀಳ್ಸಿದ್ದು ನಾನು, ಮರ ಕೊಟ್ಟಿದ್ದು ನಾನು. ನಂಗೆ ಮೂರು ಎಣ್ಮಕ್ಳವ್ರೆ. ಅಲ್ಲಿ ಅಂತಾದ್ದೇನೂ ಇರಾಕಿಲ್ಲ ಬಿಡು."

"ನಿನ್ ಎಸ್ರು ನಾನ್ಯಾಕೆ ಎತ್ತಲಿ" ಎಂದಳು ಪಿಳ್ಳಮ್ಮ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಹೆದರಿಕೊಳ್ಳಲು ಮೂವರು ಮಕ್ಕಳಾದರೂ ಇದ್ದರು ಅನಿಸಿತು.

ಅವಳು ಗೇಟು ದಾಟಿ, ಮನೆಗೆ ಹೋಗಿ, ಬಾಗಿಲ ಹಿಂದಿನಿಂದ ಆ ಮರವನ್ನು ತೆಗೆದುಕೊಂಡು, ಸೆರಗಿನಲ್ಲಿ ಮುಚ್ಚಿಕೊಳ್ಳದೆ ಊರ ಬೀದಿಯಲ್ಲೇ ಹಿಡಿದುಕೊಂಡು ಬಂದಳು. ಕಟ್ಟೆಯ ಮೇಲಿದ್ದವರು, "ಯಾರಿಗೆ ಒಡ್ಯಾಕೋಯ್ತಿದ್ದೀಯಮ್ಮೋ" ಎಂದು ರೇಗಿಸಿದರು. ನೇರವಾಗಿ ಶ್ಯಾಮಣ್ಣನವರ ಮೇಜಿನ ಮುಂದೆ ಹೋಗಿ ನಿಂತಳು.

"ಏನಮ್ಮಾ ಇದು?"

"ಅದಿನೇಳನೇ ಬೋರಿಂದು ಸಾ. ಆವತ್ತು ಪೆಟ್ಗೆ ಚೆಲ್ಲಿತ್ತಲ್ಲ, ಅವಾಗ ನಾನೇ ತಕಂಡೋದೆ. ಒತ್ತು ಕೊಡೋ ಮರ ಅಂದ್ಕಂಡೆ. ಆಮೇಲೆ ಗೊತ್ತಾಯ್ತು, ಯೋಳ್ಲಿಲ್ಲ. ತಪ್ಪು ನಂದೇ ಸಾ."

ಶ್ಯಾಮಣ್ಣನವರು ಮರವನ್ನು ತಿರುಗಿಸಿ ನೋಡಿದರು. ಮಸಿ ಹಿಡಿದ ತುದಿಯಲ್ಲಿ ಕೆಂಪು ಇನ್ನೂ ಕಾಣುತ್ತಿತ್ತು. ಅವರು ಬೈಯಲಿಲ್ಲ. ಎದ್ದು ಹೊರಟರು, ಪಿಳ್ಳಮ್ಮ ಹಿಂದೆಯೇ ಹೋದಳು. ಹದಿನೇಳನೇ ಬೋರಿನ ಪೆಟ್ಟಿಗೆಗಳು ಷೆಡ್ಡಿನ ಕೊನೆಯ ಮೂಲೆಯಲ್ಲಿ, ಮೇಲಿನ ಸಾಲಿನಲ್ಲಿದ್ದವು. ಯಾವ ಪೆಟ್ಟಿಗೆ ಎಂದು ಹುಡುಕಬೇಕಾಗಲಿಲ್ಲ. ಗೊತ್ತಾದ ದಿನದಿಂದ ಅದರ ಕೆಳಗೆ ಹಾದುಹೋಗುವಾಗೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು.

ಪೆಟ್ಟಿಗೆಯನ್ನು ಇಳಿಸಿ, ನೀರು ಚಿಮುಕಿಸಿ, ತಾನು ಅಂದು ಸರಿಸಿ ಮುಚ್ಚಿದ್ದ ಕಲ್ಲುಗಳನ್ನು ಅವಳು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಒಂದು ಕಡೆ ಇನ್ನೂರಿಪ್ಪತ್ತೆಂಟನೇ ಅಡಿಯ ಗುರುತು, ಇನ್ನೊಂದು ಕಡೆ ಇನ್ನೂರ ಮೂವತ್ತೊಂದು. ಬಡಗಲಿಗೆ ಗುಡ್ಡ ತಗ್ಗಾಗಿರುವುದರಿಂದ ಅಲ್ಲಿ ಮೂರನೇ ಲೆವೆಲ್ಲಿನ ಆಳವೂ ಅಷ್ಟೇ. ನಡುವೆ ಮರವನ್ನು ಮಲಗಿಸಿದಳು. ಒಂದು ಬೆರಳು ಕೂಡ ಹೆಚ್ಚುಕಡಿಮೆಯಾಗದೆ ಕೂತಿತು. ಶ್ಯಾಮಣ್ಣನವರು ಅದರ ಎರಡು ಪಕ್ಕದ ಕಲ್ಲುಗಳನ್ನು ಎತ್ತಿ, ಮುರಿದ ಬಾಯಿಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಮುರಿದ ಕಲ್ಲು ಒರಟಾಗಿರಬೇಕು. ಇವು ನುಣ್ಣಗಿದ್ದವು, ತುಕ್ಕಿನ ಬಣ್ಣದ ಪೊರೆ ಕಟ್ಟಿತ್ತು, ಅದರ ಮೇಲೆ ಹಸಿರು ಕಲೆ.

"ಇದು ನೀರು ನೆಕ್ಕಿದ ಕಲ್ಲು" ಎಂದರು. ಕಲ್ಲುಗಳನ್ನು ಮತ್ತೆ ಜಾಗದಲ್ಲಿಟ್ಟು, "ಮರ ನೀನು ತಗೊಂಡು ಹೋದೆ, ಸರಿ. ಈ ಕಲ್ಲು ಇಲ್ಲೇ ಇತ್ತಲ್ಲಮ್ಮ. ನಾನು ನೋಡ್ಲಿಲ್ಲ. ದಾರೀಲಿ ಚೆಲ್ಲಿದೆ ಅಂತ ಬರೆದು ಸಹಿ ಹಾಕ್ದೆ" ಎಂದರು. ಅವರ ದನಿ ಬಿದ್ದುಹೋಗಿತ್ತು. ಆ ಗಳಿಗೆಯಲ್ಲಿ ಅವರೂ ಅವಳ ಹಾಗೆಯೇ ಒಬ್ಬಂಟಿಯಾಗಿ ಕಂಡರು.

ಗಣಿಗೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದರು. ಹತ್ತು ಗಂಟೆಗೆ ಬುಕ್ ಮಾಡಿದ್ದು ಹನ್ನೆರಡಾದರೂ ಬರಲಿಲ್ಲ. ಎಕ್ಸ್‌ಚೇಂಜಿನ ಹೆಂಗಸು ಲೈನು ಕೆಟ್ಟಿದೆ ಎಂದಳು, ಆಮೇಲೆ ಲೈನು ಬಿಜಿ ಎಂದಳು, ಆಮೇಲೆ ಅವಳೂ ಸಿಗಲಿಲ್ಲ. ಸುರಂಗದಲ್ಲಿ ದಿನಕ್ಕೆ ಎರಡು ಸಲ ಮದ್ದು ಸಿಡಿಯುತ್ತಿತ್ತು. ನಕ್ಷೆಯ ಮೇಲೆ ಅಳೆದು ನೋಡಿದರೆ ಅಂದಿಗೆ ಉಳಿದದ್ದು ಹದಿನೆಂಟಡಿ, ಅದೂ ಸೋಮವಾರದ ಲೆಕ್ಕ ಸರಿಯಿದ್ದರೆ. ಶ್ಯಾಮಣ್ಣನವರು ಕಾಗದ ಬರೆದು, ಮಡಿಸಿ, ಹೊರಗೆ ಬಂದರು. ಮುನಿಯಣ್ಣ ಖಾಲಿ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ.

"ದಾರೀಲಿ ಎಲ್ಲೂ ನಿಲ್ಲಿಸಬೇಡಪ್ಪ. ಮ್ಯಾನೇಜರ್ ಕೈಗೇ ಕೊಡು. ಮೂರನೇ ಲೆವೆಲ್ಲಲ್ಲಿ ಬಡಗಲ ಕೆಲಸ ನಿಲ್ಲಿಸ್ಬೇಕು ಅಂತ ಬಾಯಲ್ಲೂ ಹೇಳು."

ಮುನಿಯಣ್ಣ ಕಾಗದ ತೆಗೆದುಕೊಂಡು, ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮನನ್ನು ನೋಡಿದ. ಅವಳು ಇಲ್ಲ ಎಂಬಂತೆ ತಲೆಯಾಡಿಸಿದಳು, ನಿನ್ನ ಹೆಸರು ಹೇಳಿಲ್ಲ ಎಂದು. ಅವನು ಹಗ್ಗವನ್ನು ಅರ್ಧಕ್ಕೇ ಬಿಟ್ಟು ಲಾರಿ ಹತ್ತಿದ. ಲಾರಿ ತುಮಕೂರಿನ ಕಡೆಗೆ ಹೋಗುವುದನ್ನು ಅವಳು ನೋಡುತ್ತಾ ನಿಂತಳು.

ಅಂದು ಸಂಜೆ ಬಾಗಿಲಿಗೆ ಕೊಡಲು ಮರವಿರಲಿಲ್ಲ. ಪಿಳ್ಳಮ್ಮ ರುಬ್ಬುವ ಗುಂಡನ್ನು ಉರುಳಿಸಿ ತಂದು ಬಾಗಿಲಿಗೆ ಒರಗಿಸಿದಳು. ಅದು ನಿಲ್ಲುತ್ತಿರಲಿಲ್ಲ, ಸರಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಫೋನು ಬಂತು. ಕೆಲಸ ನಿಲ್ಲಿಸಿದ್ದಾರೆ, ಸುರಂಗದ ಮುಖದಿಂದ ಮುಂದಕ್ಕೆ ಉದ್ದನೆಯ ಸಣ್ಣ ತೂತು ಕೊರೆದು ನೋಡುತ್ತಾರೆ ಎಂದಷ್ಟೇ ಶ್ಯಾಮಣ್ಣನವರು ಹೇಳಿದರು. ಶನಿವಾರ ಸುದ್ದಿಯಿಲ್ಲ. ಸೋಮವಾರ ಅವರು ಫೋನಿಟ್ಟು ಬಹಳ ಹೊತ್ತು ಕನ್ನಡಕ ಒರೆಸುತ್ತಾ ಕೂತರು. ಆಮೇಲೆ ಕಲ್ಲು ತೊಳೆಯುವ ತೊಟ್ಟಿಯ ಹತ್ತಿರ ಬಂದರು.

"ಒಂಬತ್ತಡಿ ಕೊರೆದ್ರಂತೆ ಪಿಳ್ಳಮ್ಮ. ಕೊರೆಯೋ ಸರಳನ್ನೇ ನೀರು ಹಿಂದಕ್ಕೆ ದೂಡ್ತಂತೆ. ಮೊದಲೇ ಕೊಳವೆ ಹಾಕಿ ಬಿರಟೆ ಇಟ್ಕೊಂಡಿದ್ರು, ತಡೆದ್ರು. ಇನ್ನೆರಡು ಸಲ ಸಿಡಿಸಿದ್ರೆ ಸಾಕಾಗಿತ್ತು."

ಅವಳು ತೊಟ್ಟಿಯ ಅಂಚು ಹಿಡಿದುಕೊಂಡು ಕೂತುಬಿಟ್ಟಳು. ಅಳು ಬಂತು. ಗಂಡ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಶ್ಯಾಮಣ್ಣನವರು ಹೋಗಿ ಟೀ ತರಿಸಿದರು. ಆ ಟೊಳ್ಳು ಹಳೇ ಕಾಲದವರು ತಾಮ್ರಕ್ಕೆ ತೋಡಿದ್ದ ಗುಂಡಿಯೇ ಆಗಿತ್ತು, ಅದರಿಂದ ನೀರನ್ನು ಸಣ್ಣಗೆ ಬಿಟ್ಟು ಖಾಲಿ ಮಾಡಲು ಹತ್ತೊಂಬತ್ತು ದಿನ ಹಿಡಿಯಿತಂತೆ.

ಅನಾಹುತ ಆಗದೇ ಹೋದರೆ ಆಗಲಿಲ್ಲವಲ್ಲ ಎಂದು ಯಾರೂ ಹಬ್ಬ ಮಾಡುವುದಿಲ್ಲ. ಕಂಪನಿಗೆ ಉಳಿದದ್ದು ಕಾಗದದ ಕೆಲಸ. ಮರ ಯಾರ ಹತ್ತಿರ ಇತ್ತು, ಏಕೆ ಇತ್ತು, ಪುಸ್ತಕದಲ್ಲಿ ತಪ್ಪು ಬರೆದವರು ಯಾರು? ಶ್ಯಾಮಣ್ಣನವರಿಗೊಂದು ಮೆಮೊ, ಪಿಳ್ಳಮ್ಮನಿಗೊಂದು ಮೆಮೊ. ಶ್ಯಾಮಣ್ಣನವರು ತಮ್ಮ ಉತ್ತರದಲ್ಲಿ ಅವಳ ಪರವಾಗಿ ಎರಡು ಪುಟ ಬರೆದರು, ಅದನ್ನು ಓದಿದವರು ಯಾರೋ ಗೊತ್ತಿಲ್ಲ. ಸಂಕ್ರಾಂತಿ ಕಳೆದ ಮೇಲೆ ಆರ್ಡರ್ ಬಂತು. ಕೆಲಸದಿಂದ ತೆಗೆದಿರಲಿಲ್ಲ, ದೊಡ್ಡ ಮನಸ್ಸು ಮಾಡಿದ್ದರು. ಆದರೆ ಇನ್ನು ಮುಂದೆ ಅವಳು ಪೆಟ್ಟಿಗೆಗಳನ್ನು ಮುಟ್ಟಕೂಡದು, ಷೆಡ್ಡಿನೊಳಗೆ ಹೋಗಕೂಡದು. ಅಂಗಳ ಗುಡಿಸಬೇಕು, ಗೇಟಿನ ಹತ್ತಿರ ಇರಬೇಕು. ಶ್ಯಾಮಣ್ಣನವರು ಅದನ್ನು ಓದಿ ಹೇಳುವಾಗ ಅವಳ ಮುಖ ನೋಡಲಿಲ್ಲ.

ಬೀಗದ ಕೈಯನ್ನು ಅವಳು ಮೇಜಿನ ಮೇಲೆ ಇಟ್ಟಳು. ಅವಳ ಜಾಗಕ್ಕೆ ಪಟ್ಟಣದಿಂದ ಸೊಣ್ಣಮ್ಮ ಎಂಬುವಳು ಬಂದಳು. ಬಾಗಿಲ ಸಂದಿಯಿಂದ ಒದ್ದೆ ಕಲ್ಲಿನ ವಾಸನೆ ಅಂಗಳದವರೆಗೆ ಬರುತ್ತಿತ್ತು. ಪಿಳ್ಳಮ್ಮ ಆ ಕಡೆಯನ್ನು ಬೇಗಬೇಗ ಗುಡಿಸಿ ಮುಗಿಸುತ್ತಿದ್ದಳು. ಊರವರಿಗೆ ಹೊಸ ಹೆಸರು ಹುಡುಕುವ ಕಷ್ಟವೂ ಬೇಕಾಗಲಿಲ್ಲ, ಕಲ್ಲು ತೊಳೆಯದಿದ್ದರೂ ಅವಳು ಕಲ್ಲು ತೊಳೆಯೋ ಪಿಳ್ಳಮ್ಮನೇ ಆಗಿ ಉಳಿದಳು.

ಮುನಿಯಣ್ಣನನ್ನು ಕಂಪನಿ ಆ ಮೂರು ತಿಂಗಳು ಬೇರೆ ದಾರಿಗೆ ಹಾಕಿತ್ತು. ಮತ್ತೆ ಗುರುವಾರದ ಲಾರಿ ತಂದದ್ದು ಮಾಘದಲ್ಲಿ. ಗೇಟು ತೆಗೆಯುತ್ತಿದ್ದ ಪಿಳ್ಳಮ್ಮನ ಕೈಯಲ್ಲಿ ಪೊರಕೆ ನೋಡಿ ಅವನು ಎಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. ಆಮೇಲೆ ಇಳಿದು ಬಂದು ಗೋಡೆಯ ನೆರಳಲ್ಲಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಮರ ಕೊಟ್ಟಿದ್ದು ನಾನು, ಪೊರ್ಕೆ ಇಡ್ದಿದ್ದು ನೀನು" ಎಂದ.

"ಅದಿರ್ಲಿ. ಅಲ್ಲಿ, ಆ ಸುರಂಗದಾಗೆ, ಎಷ್ಟು ಜನ ಇದ್ರು?"

"ಆ ಪಾಳೀಲಾ? ಅದ್ನಾಕು ಜನ."

"ಅವ್ರಿಗೆ ಗೊತ್ತಾ?"

ಮುನಿಯಣ್ಣ ನೆಲ ನೋಡಿದ. "ನೀರು ಸಿಕ್ತು ಅಂತ ಗೊತ್ತಕ್ಕ. ಕಂಪ್ನಿಯೋರು ಮೊದ್ಲೇ ನಕ್ಷೆ ನೋಡಿ ಕಂಡಿಡಿದ್ರು ಅಂದ್ಕಂಡವ್ರೆ. ಯೋಳ್ಬೇಕು ಅಂತ ಬಾಯಿಗಂಟ ಬಂತು. ಯೋಳ್ಲಿಲ್ಲ."

ಪಿಳ್ಳಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಯಾರ್ಯಾರು ಅವ್ರು? ಎಸ್ರು ಯೋಳು" ಎಂದಳು.

ಅವನು ಬೆರಳು ಮಡಿಸುತ್ತಾ ಹೇಳತೊಡಗಿದ. ಓಬಳೇಶಿ, ಅವನೇ ಮೇಸ್ತ್ರಿ. ಕಾಟಪ್ಪ. ದೊಡ್ಡಬೋರಯ್ಯ, ಸಣ್ಣಬೋರಯ್ಯ, ಅಣ್ಣತಮ್ಮಂದಿರು. ಮದ್ದು ತುಂಬುವ ತಿಪ್ಪಯ್ಯ, ಅವನಿಗೆ ಹಾಡು ಬರುತ್ತದೆ. ಪಾಲಯ್ಯ. ಮೊನ್ನೆ ಮಗಳ ಮದುವೆ ಮಾಡಿದ ಮಲ್ಲೇರಪ್ಪ. ಇನ್ನೂ ನಾಲ್ವರ ಹೆಸರು ಹೇಳಿ ಹನ್ನೊಂದಕ್ಕೆ ಬಂದು ನಿಂತ. ಅವಳು ಒಂದೊಂದು ಹೆಸರಿಗೂ ತಲೆದೂಗಿ, ತುಟಿಯಲ್ಲೇ ಅದನ್ನು ಮತ್ತೊಂದು ಸಲ ಹೇಳಿಕೊಳ್ಳುತ್ತಿದ್ದಳು.

"ಇನ್ನೂ ಮೂರು ಜನ?"

"ಮುಂದಿನ ಸಲ ಕೇಳ್ಕಂಡ್ ಬರ್ತೀನಕ್ಕ."

ಆ ವಾರವೆಲ್ಲ ಅವಳು ಅಂಗಳ ಗುಡಿಸುತ್ತಾ ಹನ್ನೊಂದು ಹೆಸರುಗಳನ್ನು ಕ್ರಮವಾಗಿ, ಹಿಂದುಮುಂದಾಗದ ಹಾಗೆ ಹೇಳಿಕೊಂಡಳು. ಸಂಜೆ ರುಬ್ಬುವ ಗುಂಡನ್ನು ಬಾಗಿಲಿಗೆ ಒರಗಿಸುವಾಗಲೂ ಹೇಳಿಕೊಂಡಳು. ಮುಂದಿನ ಗುರುವಾರ ಲಾರಿ ತಿರುವಿನಲ್ಲಿ ಕಂಡಾಗ ಅವಳು ಗೇಟು ತೆಗೆದು ರಸ್ತೆಗೇ ಬಂದು ನಿಂತಿದ್ದಳು.

ಮುನಿಯಣ್ಣ ಕಿಟಕಿಯಿಂದಲೇ ಬಗ್ಗಿ, "ನಾಗಪ್ಪ, ಆಮೇಲೆ ಕುದಾಪುರದ ಸೂರಯ್ಯ" ಎಂದ.

"ಇನ್ನೊಬ್ಬ?"

"ಅವನು ಒಸಬನಂತಕ್ಕ. ಸೇರಿ ಒಂದು ವಾರ ಆಗಿತ್ತಂತೆ. ಯಾರ್ ಜೊತೆಗೂ ಮಾತಿಲ್ಲ, ಒಬ್ನೇ ಕೂತು ಬುತ್ತಿ ಬಿಚ್ಚೋನಂತೆ. ಅವನ ಎಸ್ರು ಯಾರೂ ಸರಿಯಾಗಿ ಕೇಳೇ ಇಲ್ಲ."

"ಈಗಲೂ ಅಲ್ಲೇ ಅವ್ನಾ?"

"ಅವ್ನೆ."

"ನೀನು ಕೇಳ್ಕಂಡ್ ಬಾ" ಎಂದಳು ಪಿಳ್ಳಮ್ಮ. "ನಾನು ಕೇಳ್ದೆ ಅಂತ ಯೋಳು."

ಲಾರಿ ಒಳಗೆ ಹೋಯಿತು. ಅವಳು ಗೇಟು ಹಾಕಿ ಪೊರಕೆ ಎತ್ತಿಕೊಂಡಳು.